ವಯಸ್ಸು ನೋಡಬೇಡಿ, ತೂಕ ನೋಡಿ

ಮಕ್ಕಳ ಸ್ಕ್ಯಾನ್‌ಗೆ ಕೊಡುವ ವಿಕಿರಣ ಔಷಧದ (ವಿಕಿರಣ ಸೂಸುವ ಇಂಜೆಕ್ಷನ್) ಡೋಸ್ ಲೆಕ್ಕ ಹಾಕಲು ಎಲ್ಲ ಆಸ್ಪತ್ರೆಗಳಲ್ಲೂ ಒಂದೇ ಕ್ರಮ ಇರಬೇಕು ಅಂತ ಈಚೆಗೆ ಓದಿದ ಲೇಖನವೊಂದು ಹೇಳಿದೆ. ಪೂರ್ತಿ ಒಪ್ಪುತ್ತೇನೆ. 2008ರಲ್ಲಿ ಉತ್ತರ ಅಮೆರಿಕದ 13 ಮಕ್ಕಳ ಆಸ್ಪತ್ರೆಗಳ ಸಮೀಕ್ಷೆ ಪ್ರಕಟವಾಗಿತ್ತು. ಪುಟ್ಟ ಮಕ್ಕಳಿಗೆ ಕೊಡುವ ಕನಿಷ್ಠ ಡೋಸ್‌ನಲ್ಲಿ 20 ಪಟ್ಟಿನವರೆಗೂ ವ್ಯತ್ಯಾಸ ಕಂಡಿತ್ತು!

ಆದರೆ 'ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು' ಅನ್ನೋದು ಸರಿಯಲ್ಲ. ಡಿಎಂಎಸ್‌ಎ ಅನ್ನೋ ಔಷಧ ಕೊಟ್ಟು ಮಾಡುವ ಕಿಡ್ನಿ ಸ್ಕ್ಯಾನನ್ನೇ ತಗೊಳ್ಳಿ. ಆ ಸಮೀಕ್ಷೆ ಆದಮೇಲೆ ಉತ್ತರ ಅಮೆರಿಕದಲ್ಲಿ ಬಂದ ಮಾರ್ಗಸೂಚಿಯಲ್ಲಿ ಇದರ ಡೋಸ್ ಮಗುವಿನ ತೂಕದ ಕಿಲೋಗೆ 1.85 ಮೆಗಾಬೆಕರೆಲ್ (ವಿಕಿರಣ ಅಳೆಯುವ ಮಾನ). 20 ಕಿಲೋ ಮಗುವಿಗೆ 37. 5 ಕಿಲೋ ಕೂಸಿಗೆ ಲೆಕ್ಕದಲ್ಲಿ 9 ಚಿಲ್ಲರೆ ಬರುತ್ತದೆ, ಆದರೂ 18.5ಕ್ಕಿಂತ ಇಳಿಸುವುದಿಲ್ಲ. ತೀರಾ ಕಡಿಮೆಯಾದರೆ ಚಿತ್ರ ಮಸುಕಾಗುತ್ತದೆ. ಕೂಸು ಜಾಸ್ತಿ ಹೊತ್ತು ಅಲುಗಾಡದೆ ಮಲಗಬೇಕು, ಇಲ್ಲಾಂದ್ರೆ ಮತ್ತೆ ಇಂಜೆಕ್ಷನ್. ಬೀದರ್‌ನಿಂದ ಹೈದರಾಬಾದಿಗೆ ಮಗು ಎತ್ತಿಕೊಂಡು ಹೋಗುವ ಕೂಲಿಯವರಿಗೆ ಎರಡನೇ ಸಲ ಹೋಗುವುದು ಸಣ್ಣ ಮಾತಲ್ಲ.

ಇನ್ನೊಂದು ಮಾತು. ಯಾದಗಿರಿ, ಕಲಬುರಗಿ ಕಡೆ ವಯಸ್ಸಿಗೆ ತಕ್ಕ ತೂಕ ಇಲ್ಲದ ಮಕ್ಕಳು ಬಹಳ. ವಯಸ್ಸು ನೋಡಿ ಡೋಸ್ ಹಾಕಿದರೆ ಇಂಥ ಮಕ್ಕಳಿಗೆ ಜಾಸ್ತಿಯೇ ಬೀಳುತ್ತದೆ, ಅಲ್ವಾ? ಹಳೇ ಚೀಟಿಯ ತೂಕವೂ ಬೇಡ. ಸ್ಕ್ಯಾನ್ ದಿನವೇ ತೂಗಲಿ. ಆ ತೂಕ, ಕೊಟ್ಟ ಡೋಸ್ ಎರಡನ್ನೂ ರಿಪೋರ್ಟ್‌ನಲ್ಲಿ ಬರೆಯಲಿ. ಅಪ್ಪ ಅಮ್ಮಂದಿರೇ, ಬರೆದಿಲ್ಲ ಅಂದ್ರೆ ಸಂಕೋಚ ಇಲ್ಲದೆ ಕೇಳಿ.