ಯಾರು ನೀನು, ಏನು ಬೇಕು?

ವೇದಿಕೆ ಮೇಲೆ ಬಾಯಿಗೆ ಬಂದಂತೆ ಬೈದ ರಾಜಕಾರಣಿ ಮರುದಿನ ಹೇಳೋದು ಒಂದೇ ಮಾತು: "ಆವೇಶದಲ್ಲಿ ಬಂದುಬಿಟ್ಟಿತು." ಹೇಳಿದೆ ಅನ್ನುವುದಿಲ್ಲ, ಬಂತು ಅನ್ನುತ್ತಾರೆ. ಸೀನು ಬಂದ ಹಾಗೆ.

ಸುಮ್ನೆ ನೆಪ ಅಂದುಕೊಂಡಿದ್ದೆ. ಪದದ ಬೇರು ಕೆದಕಿದರೆ, ಪಾಪ, ಅವರು ಹೇಳಿದ್ದೇ ಸರಿ. ಸಂಸ್ಕೃತದ 'ವಿಶ್' ಅಂದರೆ ಒಳಹೊಗು. ಆವೇಶ ಅಂದರೆ ಇನ್ಯಾರೋ ಮೈಯೊಳಗೆ ಹೊಗುವುದು. ಸಿಟ್ಟಿನ ಅರ್ಥ ಆಮೇಲೆ ಅಂಟಿಕೊಂಡದ್ದು. ನಾವು 'ಮೈಮೇಲೆ ಬರೋದು' ಅನ್ನುತ್ತೇವಲ್ಲ, ಅದೇ. ಅಂದಮೇಲೆ ಬೈದವರು ಶಾಸಕರಲ್ಲ, ಒಳಗೆ ಹೊಕ್ಕವರು. ಸದನದಲ್ಲಿ ಬೈದರಂತೂ ಕೋರ್ಟೂ ಕೇಳುವಂತಿಲ್ಲ, ಸಂವಿಧಾನದ 194ನೇ ವಿಧಿಯ ತಾಯಿತ ಕಟ್ಟಿದೆ.

ಈ ಧಾತುವಿನ ಬಳಗ ದೊಡ್ಡದು. ಆವೇಶದ ಮುಂದೆ ಒಂದು 'ಸಂ' ಅಂಟಿಸಿ ನೋಡಿ: ಸಮಾವೇಶ. ಇಡೀ ಮೈದಾನಕ್ಕೆ ಒಟ್ಟಿಗೆ ಮೈಮೇಲೆ ಬರೋದು, ಬಿರಿಯಾನಿ ಪೊಟ್ಟಣ ಸಮೇತ. ಅಧಿವೇಶನ, ಪ್ರವೇಶ, ನಿವೇಶನ ಎಲ್ಲ ಒಂದೇ ಬಳ್ಳಿಯ ಕಾಯಿ. ಅಧಿವೇಶನದಲ್ಲಿ ಆವೇಶ, ಸಂಪುಟಕ್ಕೆ ಪ್ರವೇಶ, ಆಮೇಲೊಂದು ನಿವೇಶನ. ಒಂದೇ ಧಾತುವಿನಲ್ಲಿ ರಾಜಕೀಯ ಜೀವನ ಮುಗೀತು!

2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಲ್ಲಿ ಬಿಜೆಪಿ ಶಾಸಕರು ಕಾಗದ ಹರಿದು ಸ್ಪೀಕರ್ ಪೀಠದತ್ತ ತೂರಿದರು. 18 ಮಂದಿ ಆರು ತಿಂಗಳು ಅಮಾನತಾದರು. ಕೆಲವರನ್ನು ಮಾರ್ಷಲ್‌ಗಳು ಹೊತ್ತುಕೊಂಡೇ ಹೊರಗೆ ತಂದರು. ಆವೇಶ ಇಳಿಯಲು ಆರು ತಿಂಗಳು ಬೇಕು ಅಂತ ಲೆಕ್ಕವಿರಬೇಕು. ಮೇ ತಿಂಗಳಲ್ಲೇ ಅಮಾನತು ವಾಪಸ್. ನಮ್ಮೂರಲ್ಲಿ ಒಂದು ಚೊಂಬು ನೀರಿಗೇ ಇಳಿಯುತ್ತದೆ. ಅಂದಹಾಗೆ, ಈ ದೇವರಿಗೆ ಪಕ್ಷಭೇದವಿಲ್ಲ. ಯಾರು ವಿರೋಧ ಪಕ್ಷದ ಸಾಲಲ್ಲಿ ಕೂತರೂ ಬರುತ್ತದೆ.

ಜಾತ್ರೆಯಲ್ಲಿ ಅಮ್ಮ ಮೈಮೇಲೆ ಬಂದರೆ ತುರುಬು ಎಲ್ಲೋ, ಸೆರಗು ಎಲ್ಲೋ. ಸದನದ ದೇವರು ಹಾಗಲ್ಲ. ಮೊದಲು ಕ್ಯಾಮೆರಾ ಎಲ್ಲಿದೆ ನೋಡುತ್ತದೆ. ಹೆಗಲ ಶಲ್ಯ ಸರಿಮಾಡಿಕೊಳ್ಳುತ್ತದೆ. ಮೈಕನ್ನು ಬೆರಳಲ್ಲಿ ಎರಡು ಸಲ ತಟ್ಟುತ್ತದೆ. ಆಮೇಲೆ ಬಾವಿಗೆ, ಅಂದರೆ ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ, ಇಳಿದು ಕುಣಿಯುತ್ತದೆ. ಊಟದ ಹೊತ್ತಿಗೆ ತಾನಾಗಿ ಇಳಿಯುತ್ತದೆ.

ನಮ್ಮಜ್ಜಿ ಯಾವ ದೇವರಿಗೂ ಹೆದರಿದವಳಲ್ಲ. ಬೇವಿನ ಸೊಪ್ಪು ಹಿಡಿದು ಎದುರು ನಿಂತು ಕೇಳುತ್ತಿದ್ದಳು: "ಯಾರು ನೀನು? ಏನು ಬೇಕು, ಬಾಯಿಬಿಟ್ಟು ಹೇಳು." ಊರ ದೇವರ ಆಸೆ ಸಣ್ಣದು. ಗುಡಿಗೆ ಸುಣ್ಣ, ಒಂದು ಎಡೆ ಹೋಳಿಗೆ.

ಅಜ್ಜಿಯನ್ನು ಮಾರ್ಷಲ್ ಮಾಡಬೇಕಿತ್ತು. ಬಾವಿಯ ಪಕ್ಕ ನಿಂತು ಕೇಳುತ್ತಿದ್ದಳು. "40-60ರ ಕಾರ್ನರ್ ಸೈಟು" ಅಂತ ಉತ್ತರ ಬರುತ್ತಿತ್ತು. ಪೀಠದಿಂದ ತಕ್ಷಣ ಅಪ್ಪಣೆಯಾಗುತ್ತಿತ್ತು: "ಅದನ್ನು ಕಡತದಿಂದ ತೆಗೆಯಿರಿ."