ಬ್ರಾಡ್‌ಸ್ಟ್ರೀಟ್ ಅನ್ನೋ ಹೆಸರು ಉಳಿದಿದ್ದು ಯಾರಿಂದ?

ಅಮೆರಿಕದ ವಸಾಹತು ಕಾಲದ ಕವಯಿತ್ರಿ ಆನ್ ಬ್ರಾಡ್‌ಸ್ಟ್ರೀಟ್ ಬಗ್ಗೆ ಬರೆಯೋರು ಸುಮಾರು ಜನ ಶುರು ಮಾಡೋದೇ ಗವರ್ನರ್ ಮಗಳು, ಗವರ್ನರ್ ಹೆಂಡತಿ ಅಂತ. ನನಗಿದು ಒಪ್ಪಿಗೆ ಆಗಲ್ಲ. ಆಕೆ ತೀರಿಕೊಂಡಿದ್ದು 1672ರಲ್ಲಿ, ಗಂಡ ಸೈಮನ್ ಮ್ಯಾಸಚೂಸೆಟ್ಸ್ ಗವರ್ನರ್ ಆಗಿದ್ದು 1679ರಲ್ಲಿ, ಅಂದ್ರೆ ಆಕೆ ಬದುಕಿದ್ದಾಗ ಗವರ್ನರ್ ಹೆಂಡತಿ ಆಗಿರಲೇ ಇಲ್ಲ. ಆದರೆ 1650ರಲ್ಲೇ ಆಕೆಯ ಪದ್ಯಗಳು ಲಂಡನ್‌ನಲ್ಲಿ ಪುಸ್ತಕ ಆಗಿ ಬಂದಿದ್ವು! ತಂಗಿಯ ಗಂಡ ಹಸ್ತಪ್ರತಿ ತಗೊಂಡು ಹೋಗಿ ಅಚ್ಚು ಹಾಕಿಸಿದ್ದು, ಮುಖಪುಟದಲ್ಲಿ ಹೆಸರೂ ಇಲ್ಲ, ಆ ಕಡೆಯ ಒಬ್ಬ ಗೌರವಸ್ಥ ಹೆಂಗಸು ಬರೆದದ್ದು ಅಂತ ಅಷ್ಟೇ.

ಆಕೆ ಹುಟ್ಟಿದ್ದು ಇಂಗ್ಲೆಂಡಿನ ಡಡ್ಲಿ ಮನೆತನದಲ್ಲಿ. 1630ರಲ್ಲಿ ಅಪ್ಪ, ಅಮ್ಮ, ಗಂಡನ ಜೊತೆ ಆರ್ಬೆಲಾ ಹಡಗಲ್ಲಿ ಅಮೆರಿಕಕ್ಕೆ ಬಂದ್ರು. ಮದುವೆ ಆದ್ಮೇಲೆ ಹೆಸರಿಂದ ಡಡ್ಲಿ ಹೋಯ್ತು, ನಮ್ಮಲ್ಲೂ ಎಷ್ಟೋ ಹೆಣ್ಣುಮಕ್ಕಳ ಇನಿಷಿಯಲ್ ಹಾಗೇ ಬದಲಾಗುತ್ತಲ್ಲ. ಆದರೆ ಎಂಟು ಮಕ್ಕಳಲ್ಲಿ ಒಬ್ಬ ಮಗನಿಗೆ ಡಡ್ಲಿ ಅಂತಲೇ ಹೆಸರಿಟ್ಟರು, ಡಡ್ಲಿ ಬ್ರಾಡ್‌ಸ್ಟ್ರೀಟ್. ತವರಿನ ಹೆಸರು, ಗಂಡನ ಮನೆ ಹೆಸರು ಎರಡೂ ಒಬ್ಬನ ಮೇಲೇ.

ಈ ಡಡ್ಲಿ ಬಗ್ಗೆ ಹೇಳಲೇಬೇಕು. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನ ಸುತ್ತ ಮಾಟಗಾತಿಯರ ಹೆಸರಲ್ಲಿ ಜನರನ್ನ ಹಿಡಿದು ಹಾಕ್ತಿದ್ದಾಗ ಇವರು ಅಲ್ಲೇ ಹತ್ತಿರದ ಆಂಡೋವರ್ ಊರಲ್ಲಿ ನ್ಯಾಯಾಧಿಕಾರಿ. ಶುರುವಲ್ಲಿ ಮೂವತ್ತು ನಲವತ್ತು ಜನರ ಮೇಲೆ ವಾರಂಟ್ ಕೊಟ್ಟಿದ್ದೂ ಇವರೇ, ಅದನ್ನ ಮುಚ್ಚಿಡಬಾರದು. ಆಮೇಲೆ ಇನ್ನು ಕೊಡಲ್ಲ ಅಂದುಬಿಟ್ರು. ತಕ್ಷಣ ಆರೋಪ ಅವರ ಮೇಲೇ ತಿರುಗಿತು, ಮಾಟ ಮಾಡಿ ಒಂಬತ್ತು ಜನರನ್ನ ಕೊಂದ್ರು ಅಂತ. ಗಂಡ ಹೆಂಡತಿ ಊರು ಬಿಟ್ಟು ಓಡಬೇಕಾಯ್ತು. ತಮ್ಮ ಜಾನ್ ಮೇಲೆ ಒಂದು ನಾಯಿಗೆ ಮಾಟ ಮಾಡಿದ ಅಂತ ಆರೋಪ, ಅವರೂ ಓಡಿದ್ರು, ಆ ನಾಯೀನ ಕೊಂದೇಬಿಟ್ರು. ಅಷ್ಟು ದೊಡ್ಡ ಮನೆತನದ ಹೆಸರೂ ಅವರನ್ನ ಕಾಪಾಡಲಿಲ್ಲ.

ಆನ್ ಅವರ ಪದ್ಯಗಳಲ್ಲಿ ಈ ಮನೆಯವರೆಲ್ಲ ಇದಾರೆ. ಕೆಲಸದ ಮೇಲೆ ದೂರ ಹೋದ ಗಂಡ, 1666ರಲ್ಲಿ ಸುಟ್ಟುಹೋದ ಮನೆ, ಮಾತು ಕಲಿಯೋ ವಯಸ್ಸಲ್ಲೇ ತೀರಿಕೊಂಡ ಮೊಮ್ಮಗಳು ಎಲಿಜಬೆತ್. ಆ ಮಗೂನ ಮಣ್ಣು ಮಾಡಿ ಬಂದು ಅಜ್ಜಿ ಬರೆದ ಸಾಲುಗಳಿಲ್ಲದಿದ್ರೆ 1665ರಲ್ಲಿ ಹೋದ ಒಂದೂವರೆ ವರ್ಷದ ಕೂಸಿನ ಹೆಸರು ಇವತ್ತು ಯಾರಿಗೆ ಗೊತ್ತಿರ್ತಿತ್ತು? ಹಾಗಾಗಿ ದಯವಿಟ್ಟು ಆಕೆಯ ಪರಿಚಯ ಅಪ್ಪನ, ಗಂಡನ ಹುದ್ದೆಯಿಂದ ಶುರು ಮಾಡಬೇಡಿ, ಪದ್ಯದಿಂದ ಶುರು ಮಾಡಿ.