ಬ್ರಾಕೆಟ್ಟಿನೊಳಗಿನ ಭೂಮಿ

2025ರ ನವೆಂಬರ್ 20ರಂದು ಬ್ರೆಜಿಲ್‌ನ ಬೆಲೆಮ್‌ನಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದ ಮಂಟಪಕ್ಕೇ ಬೆಂಕಿ ಬಿತ್ತಲ್ಲ, ಆವತ್ತು ಪ್ರತಿನಿಧಿಗಳೆಲ್ಲ ಒಂದೂ ತಿದ್ದುಪಡಿ ಕೇಳದೆ ಹೊರಗೆ ಓಡಿದರು. ‘ಓಡುವುದು’ ಅನ್ನುವುದನ್ನು ತೆಗೆದು ‘ಆಯಾ ದೇಶದ ಪರಿಸ್ಥಿತಿಗೆ ತಕ್ಕಂತೆ ಹಂತಹಂತವಾಗಿ ಬಾಗಿಲ ಕಡೆ ಮುಖ ಮಾಡುವುದು’ ಎಂದು ಸೇರಿಸಿ ಅಂತ ಯಾರೂ ಪಟ್ಟು ಹಿಡಿಯಲಿಲ್ಲ. ಎರಡು ದಿನ ಕಳೆದು ಬಂದ ಅಂತಿಮ ನಿರ್ಣಯದಲ್ಲಿ ಮಾತ್ರ ಪಳೆಯುಳಿಕೆ ಇಂಧನದ, ಅಂದರೆ ಕಲ್ಲಿದ್ದಲು, ತೈಲ, ಅನಿಲದ, ಹೆಸರೇ ಇರಲಿಲ್ಲ. ಹೊಗೆ ಇತ್ತು, ಬೆಂಕಿ ಕಾಣೆ.

ಈ ಸಭೆಗಳ ಕರಡು ಹಾಳೆ ನೋಡುವುದೇ ಒಂದು ಸೊಗಸು. ಒಪ್ಪಿಗೆಯಾಗದ ಮಾತನ್ನೆಲ್ಲ ಚೌಕ ಬ್ರಾಕೆಟ್ಟಿನಲ್ಲಿ ಕೂರಿಸುತ್ತಾರೆ. ಬ್ರಾಕೆಟ್ಟಿನ ಹೊಟ್ಟೆಯಲ್ಲಿ ಇನ್ನೊಂದು ಬ್ರಾಕೆಟ್ಟು, ಅದರೊಳಗೊಂದು ಅಲ್ಪವಿರಾಮ, ಆ ಅಲ್ಪವಿರಾಮಕ್ಕೆ ರಾತ್ರಿ ಮೂರರ ತನಕ ಜಗಳ. 2015ರಲ್ಲಿ ಭೂಮಿಯ ಬಿಸಿ ತಡೆಯುವ ಪ್ಯಾರಿಸ್ ಒಪ್ಪಂದ ಕೊನೇ ಗಳಿಗೆಯಲ್ಲಿ ನಿಂತದ್ದು ಒಂದೇ ಕ್ರಿಯಾಪದಕ್ಕೆ. ‘ಮಾಡತಕ್ಕದ್ದು’ (shall) ಎಂದಿದ್ದರೆ ಅದು ಕಡ್ಡಾಯವಾಗಿ ತನ್ನ ಮೇಲ್ಮನೆ ಸೆನೆಟ್ಟಿನ ಒಪ್ಪಿಗೆ ಬೇಕಾದೀತೆಂಬ ಭಯ ಅಮೆರಿಕಕ್ಕೆ. ಬೆರಳಚ್ಚಿನ ತಪ್ಪು ಎಂದು ಸಮಜಾಯಿಷಿ ಹೇಳಿ ಅದನ್ನು ‘ಮಾಡುವುದು ಒಳಿತು’ (should) ಎಂದು ಮೆದುಮಾಡಿದರು. ಅಷ್ಟು ಓಲೈಸಿ ಒಳಗೆ ಕರೆತಂದ ನೆಂಟ 2017ರಲ್ಲಿ ಹೊರಟೆ ಅಂದ, 2021ರಲ್ಲಿ ಮರಳಿದ, 2025ರಲ್ಲಿ ಮತ್ತೆ ಹೊರಟೆ ಅಂದ. ಹೊಸಿಲು ಸವೆಯಿತು.

2021ರಲ್ಲಿ ಗ್ಲ್ಯಾಸ್ಗೋದಲ್ಲಿ ಕಲ್ಲಿದ್ದಲನ್ನು ‘ಕೈಬಿಡುವ’ ಮಾತು ಭಾರತದ ತಿದ್ದುಪಡಿಯಿಂದ ‘ತಗ್ಗಿಸುವ’ ಮಾತಾಯಿತು. ಸಮ್ಮೇಳನದ ಅಧ್ಯಕ್ಷ, ಬ್ರಿಟನ್ನಿನ ಅಲೋಕ್ ಶರ್ಮಾ ಕಣ್ಣೀರು ನುಂಗಿ ಕ್ಷಮೆ ಕೇಳಿದರು. ಕಲ್ಲಿದ್ದಲು ಕೇಳಲಿಲ್ಲ. 2023ರಲ್ಲಿ ದುಬೈಯಲ್ಲಿ ಅಧ್ಯಕ್ಷ ಪೀಠದಲ್ಲಿ ಕೂತವರು ತೈಲ ಕಂಪನಿಯ ಮುಖ್ಯಸ್ಥರು. ಬೇಲಿಯೇ ಎದ್ದು ಹೊಲ ಮೇಯುವುದು ಹಳೇ ಕಥೆ, ಇಲ್ಲಿ ಬೇಲಿಗೆ ಹಾರ ಹಾಕಿ ಸಭೆ ನಡೆಸುವ ಸುತ್ತಿಗೆ ಕೊಟ್ಟರು.

ಇಷ್ಟಕ್ಕೂ ಮೂಲ ತಮಾಷೆ 1995ರದು. ಬರ್ಲಿನ್‌ನಲ್ಲಿ ಮೊದಲ ಸಮ್ಮೇಳನ ಸೇರಿದಾಗ ಮತ ಹಾಕುವ ನಿಯಮಕ್ಕೇ ಒಪ್ಪಿಗೆ ಸಿಗಲಿಲ್ಲ. ತೈಲ ದೇಶಗಳು ಬಿಡಲಿಲ್ಲ. ಆ ನಿಯಮ ಇವತ್ತಿಗೂ ಬ್ರಾಕೆಟ್ಟಿನಲ್ಲೇ ಇದೆ. ಹಾಗಾಗಿ ಎಲ್ಲದಕ್ಕೂ ಒಮ್ಮತ ಬೇಕು. ಒಮ್ಮತ ಅಂದರೆ ಅಡ್ಡಗಾಲು ಹಾಕುವವನ ಮತ. ಬೆಂಕಿ ಆರಿಸಲು ಸೀಮೆಎಣ್ಣೆ ವ್ಯಾಪಾರಿಯ ಅಪ್ಪಣೆ ಕೇಳುವ ಶಿಷ್ಟಾಚಾರ.

ಬೇರೆ ದಾರಿ ಇಲ್ಲ ಅನ್ನಬೇಡಿ. ಓಜೋನ್ ಪದರ ಉಳಿಸುವ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಒಮ್ಮತ ಸಿಗದಿದ್ದರೆ ಮೂರನೇ ಎರಡು ಬಹುಮತಕ್ಕೆ ಅವಕಾಶವಿದೆ, ಸೇರದವರೊಡನೆ ಓಜೋನ್ ಕೆಡಿಸುವ ಸರಕಿನ ವ್ಯಾಪಾರಕ್ಕೆ ತಡೆಯಿದೆ, ಬಡ ದೇಶಗಳಿಗಾಗಿ ನಿಧಿಯೂ ಬಂತು. ಓಜೋನ್ ಪದರ ಚೇತರಿಸಿಕೊಳ್ಳುತ್ತಿದೆ. ಗೊತ್ತಿದೆ, ಎಲ್ಲರಿಗೂ ಗೊತ್ತಿದೆ. ಗೊತ್ತಿದ್ದೂ ಮೂವತ್ತು ವರ್ಷ ಕೂತು ಪದ ತಿದ್ದಿದರು. ಬರ್ಲಿನ್ ಸಭೆಯ ಹೊತ್ತಿಗೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು 360 ಭಾಗ ಇತ್ತು, ಈಗ 420 ದಾಟಿದೆ. ನಗಿಸುವ ಕೆಲಸ ನನ್ನದು, ಈ ಸಾಲಲ್ಲಿ ಆಗುತ್ತಿಲ್ಲ.

ಬೆಲೆಮ್‌ನಲ್ಲಿ ರೋಸಿಹೋದ ಕೊಲಂಬಿಯಾ, ನೆದರ್ಲೆಂಡ್ಸ್ ಜೊತೆ ಸೇರಿ ಪಳೆಯುಳಿಕೆ ಇಂಧನ ಕೈಬಿಡಲು ಮನಸ್ಸಿರುವವರದೇ ಪ್ರತ್ಯೇಕ ಸಭೆ ಕರೆಯುವುದಾಗಿ ಘೋಷಿಸಿತು. ಒಳ್ಳೆಯದು. ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿ. ಬರುವವರ ಜೇಬು ತಡಕಿ ಬ್ರಾಕೆಟ್ಟು ಸಿಕ್ಕರೆ ಅಲ್ಲೇ ಕಿತ್ತಿಟ್ಟುಕೊಳ್ಳಲಿ.